ಬೆಂಜ್ 230ಇ, ಕೆ-ಜೆಟ್ರಾನಿಕ್: ಮನೆಯಲ್ಲೇ ಟ್ಯೂನ್ ಮಾಡೋಕೆ ಎಲ್ಲಿಂದ ಶುರು ಮಾಡಬೇಕು?

ಕ್ಯಾತ್ಸಂದ್ರ 230ಇ (ತುಮಕೂರು)

ಎಲ್ಲರಿಗೂ ನಮಸ್ಕಾರ. ಗಾಡಿ 1983ರ ಬೆಂಜ್ ಡಬ್ಲ್ಯು123, 230ಇ. ಎಂ102 ಎಂಜಿನ್, ಬಾಷ್ ಕೆ-ಜೆಟ್ರಾನಿಕ್ (ಯಾಂತ್ರಿಕ ಪೆಟ್ರೋಲ್ ಇಂಜೆಕ್ಷನ್). ತೊಂದರೆ ಮೂರು.

ಬೆಳಿಗ್ಗೆ ಸೆಲ್ಫ್ ಎಂಟು-ಹತ್ತು ಸೆಕೆಂಡ್ ಹೊಡೆದ ಮೇಲೆ ಹಿಡಿಯುತ್ತೆ. ಹಿಡಿದ ಮೇಲೂ ಒಂದೆರಡು ನಿಮಿಷ ನಡುಗುತ್ತೆ, ಆಕ್ಸಿಲರೇಟರ್ ಒತ್ತಿದರೆ ಆಫ್ ಆಗುತ್ತೆ. ಬಿಸಿಯಾದ ಮೇಲೆ ಓಟ ಪರವಾಗಿಲ್ಲ. ಆದರೆ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಹಿಡಿಯೋದೇ ಇಲ್ಲ, ಎರಡು ಗಂಟೆ ಬಿಟ್ಟರೆ ಹಿಡಿಯುತ್ತೆ. ಮೂರನೇದು, ಐಡ್ಲಿಂಗ್ 700ರಿಂದ 1000ದವರೆಗೆ ಏರಿಳೀತಾ ಇರುತ್ತೆ.

ಪ್ಲಗ್, ಕ್ಯಾಪ್, ರೋಟರ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಎಲ್ಲ ಹೊಸದು. ಕಂಪ್ರೆಷನ್ ನಾಲ್ಕರಲ್ಲೂ ಸಮ ಇದೆ, ಟೈಮಿಂಗ್ ಲೈಟ್ ಹಾಕಿ ನೋಡಿದೆ, ಸರಿಯಾಗಿದೆ. ಗ್ಯಾರೇಜಿನಲ್ಲಿ ಮಿಕ್ಸ್ಚರ್ ಸ್ಕ್ರೂ (ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸೋದು) ತಿರುಗಿಸಿದ್ದಾರೆ, ಮೊದಲು ಎಲ್ಲಿತ್ತು ಅಂತ ಗುರುತು ಹಾಕಿಲ್ಲ. 3 ಮಿ.ಮೀ ಉದ್ದ ಅಲೆನ್ ಕೀ ತಂದಿದ್ದೇನೆ. ಯಾವ ಕಡೆಗೆ ಎಷ್ಟು ತಿರುಗಿಸಲಿ?

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಸರ್, ಅಲೆನ್ ಕೀ ಸದ್ಯಕ್ಕೆ ಪಕ್ಕಕ್ಕಿಡಿ. ಆ ಸ್ಕ್ರೂ ಕೊನೆಯ ಕೆಲಸ. ನೀವು ಹೇಳಿದ ಮೂರರಲ್ಲಿ ಎರಡು ತೊಂದರೆಗೆ ಅದಕ್ಕೂ ಸಂಬಂಧವೇ ಇಲ್ಲ.

ಕೆ-ಜೆಟ್ರಾನಿಕ್‌ನಲ್ಲಿ ಕಂಪ್ಯೂಟರ್ ಇಲ್ಲ. ಒಳಗೆ ಬರುವ ಗಾಳಿ ಒಂದು ದುಂಡು ತಟ್ಟೆಯನ್ನು ಸರಿಸುತ್ತೆ. ತಟ್ಟೆಯ ಲಿವರ್ ಡಿಸ್ಟ್ರಿಬ್ಯೂಟರ್ (ಇಗ್ನಿಷನ್ನಿನದಲ್ಲ, ಸಿಲಿಂಡರುಗಳಿಗೆ ಪೆಟ್ರೋಲ್ ಹಂಚೋದು) ಒಳಗಿನ ಪ್ಲಂಜರನ್ನು ಮೇಲಕ್ಕೆ ತಳ್ಳುತ್ತೆ. ಪ್ಲಂಜರ್ ಎಷ್ಟು ಮೇಲೇರಿತೋ ಅಷ್ಟು ಉದ್ದಕ್ಕೆ ಸೀಳುಗಳು ತೆರೆದುಕೊಳ್ಳುತ್ತವೆ. ಸಿಲಿಂಡರಿಗೊಂದು ಸೀಳು, ಅಗಲ ಸುಮಾರು 0.2 ಮಿ.ಮೀ. ಪೆಟ್ರೋಲ್ ಹೋಗೋದು ಅಲ್ಲಿಂದ. ಪ್ಲಂಜರ್ ತಲೆಯ ಮೇಲೆ ಇನ್ನೊಂದು ಕಡೆಯಿಂದ ಪೆಟ್ರೋಲಿನದೇ ಒತ್ತಡ ಕೂತು ಅದನ್ನು ಕೆಳಗೆ ಅದುಮುತ್ತಾ ಇರುತ್ತೆ. ಅದೇ ಕಂಟ್ರೋಲ್ ಪ್ರೆಶರ್. ಅದು ಕಡಿಮೆಯಾದರೆ ತಟ್ಟೆ ಸುಲಭವಾಗಿ ಸರಿಯುತ್ತೆ, ಮಿಕ್ಸ್ಚರ್ ರಿಚ್ (ಪೆಟ್ರೋಲ್ ಜಾಸ್ತಿ). ಜಾಸ್ತಿಯಾದರೆ ಲೀನ್ (ಪೆಟ್ರೋಲ್ ಕಡಿಮೆ). ಎಂಜಿನ್ ತಣ್ಣಗಿದ್ದಾಗ ಅದನ್ನು ಇಳಿಸಿ, ಬಿಸಿಯಾದಂತೆ ಏರಿಸೋದು ವಾರ್ಮ್ ಅಪ್ ರೆಗ್ಯುಲೇಟರ್.

ಸ್ಕ್ರೂ ಮಾಡೋದು ಇಷ್ಟೇ: ಲಿವರಿಗೂ ಪ್ಲಂಜರಿಗೂ ನಡುವಿನ ಕೋನವನ್ನು ಚೂರು ಬದಲಾಯಿಸುತ್ತೆ. ಐಡ್ಲಿಂಗಿನಲ್ಲಿ ಅದರ ಪರಿಣಾಮ ದೊಡ್ಡದು, ಲೋಡಿನಲ್ಲಿ ಅತಿ ಸಣ್ಣದು. ಹಾಗಾಗಿ ಪ್ರೆಶರ್ ತಪ್ಪಿರುವ ಗಾಡಿಯಲ್ಲಿ ಸ್ಕ್ರೂ ತಿರುಗಿಸಿದರೆ ಐಡ್ಲಿಂಗ್ ಸರಿಯಾದಂತೆ ಕಂಡು, ಏರಿನಲ್ಲಿ ಎಳೆಯೋದೇ ಇಲ್ಲ. ಗೇಜ್ ಇಲ್ಲದೆ ಈ ಸಿಸ್ಟಮ್ಮಿಗೆ ಕೈ ಹಾಕಬೇಡಿ.

ಬಿ.ಎಚ್. ರೋಡ್ (ತುಮಕೂರು)

ಗುರುಗಳೇ, ಐಡ್ಲಿಂಗ್ ಏರಿಳಿಯೋದು ಏರ್ ಲೀಕ್ ಅಂತ ನನ್ನ ಲೆಕ್ಕ. ತಟ್ಟೆ ದಾಟಿದ ಮೇಲೆ ಎಲ್ಲೇ ಗಾಳಿ ಒಳಗೆ ಹೊಕ್ಕರೂ ಅದು ಅಳತೆಗೆ ಸಿಗಲ್ಲ, ಅಷ್ಟು ಲೀನ್ ಆಗುತ್ತೆ. ಎಂಜಿನ್ ಐಡ್ಲಿಂಗಿನಲ್ಲಿ ಇರುವಾಗ ಆಯಿಲ್ ಕ್ಯಾಪ್ ಬಿಚ್ಚಿ ನೋಡಿ. ಎಂಜಿನ್ ಎಡವಬೇಕು, ಆಫ್ ಆದರೂ ಆಯ್ತು. ಏನೂ ಬದಲಾಗದಿದ್ದರೆ ಈಗಾಗಲೇ ದೊಡ್ಡ ತೂತು ಇದೆ ಅಂತ ಅರ್ಥ.

ಎಲ್ಲಿ ಅಂತ ಹುಡುಕೋಕೆ ಸಾಂಬ್ರಾಣಿ ಹೊಗೆ ಪೈಪಿನಲ್ಲಿ ಊದಿದರೆ ಗೊತ್ತಾಗುತ್ತೆ.

ಅಂತರಗಂಗೆ ಪಂಪ್ ಬೆಂಚ್ (ಕೋಲಾರ)

ಸಾಂಬ್ರಾಣಿ ಖಂಡಿತ ಬೇಡ. ಇಂಟೇಕ್ ಒಳಗೆ ಪೆಟ್ರೋಲ್ ಆವಿ ಇರುತ್ತೆ, ಕೆಂಡದ ಜೊತೆ ಅದನ್ನು ಸೇರಿಸಬಾರದು. ಬಿಸಿ ಎಂಜಿನ್ ಮೇಲೆ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೋಡೋದೂ ಅಷ್ಟೇ ಅಪಾಯ.

ಎಂಜಿನ್ ತಣ್ಣಗಿದ್ದಾಗ, ಇಗ್ನಿಷನ್ ಆಫ್ ಮಾಡಿ, ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯನ್ನು ಏರ್ ಕ್ಲೀನರ್ ಮೂತಿಗೆ ಬಟ್ಟೆ ಸುತ್ತಿ ಕೂರಿಸಿ. ಕ್ಲೀನರ್ ಗಾಡಿಯಿಂದ ದೂರ ಇರಲಿ, ಉದ್ದ ಪೈಪ್ ಬಳಸಿ. ಥ್ರಾಟಲ್ ತೆರೆದಿಡಿ. ಸೋಪಿನ ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತಾ ಹೋಗಿ, ಗುಳ್ಳೆ ಎಲ್ಲಿ ಏಳುತ್ತೋ ಅಲ್ಲಿ ಲೀಕ್. ಮೊದಲು ನೋಡಬೇಕಾದ್ದು ಇಂಜೆಕ್ಟರ್ ಬುಡದ ರಬ್ಬರ್ ರಿಂಗ್. ನಲವತ್ತು ವರ್ಷದ ರಿಂಗ್ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿರುತ್ತೆ, ಉಗುರು ಒತ್ತಿದರೆ ತಗ್ಗಲ್ಲ. ಆಮೇಲೆ ತಟ್ಟೆಗೂ ಥ್ರಾಟಲಿಗೂ ನಡುವಿನ ದೊಡ್ಡ ರಬ್ಬರ್ ಬೂಟ್. ಇದರ ಬಿರುಕು ಕೆಳಮಡಿಕೆಯಲ್ಲಿ ಇರುತ್ತೆ, ಮೇಲಿಂದ ಕಾಣಲ್ಲ, ಕನ್ನಡಿ ಹಿಡಿದು ನೋಡಬೇಕು. ನಂತರ ಬ್ರೇಕ್ ಬೂಸ್ಟರ್ ಹೋಸ್, ಐಡ್ಲಿಂಗ್ ಗಾಳಿಯ ಸಣ್ಣ ಹೋಸ್‌ಗಳು, ಡಿಪ್‌ಸ್ಟಿಕ್ ಬಾಯಿ, ಆಯಿಲ್ ಕ್ಯಾಪ್ ವಾಷರ್.

ಇಂಜೆಕ್ಟರ್ ರಿಂಗ್ ಹೊಸದು ಹಾಕುವಾಗ ಪೆಟ್ರೋಲಿನಲ್ಲಿ ಒದ್ದೆ ಮಾಡಿ ಕೂರಿಸಿ, ಒಣ ರಿಂಗ್ ಮಡಚಿಕೊಳ್ಳುತ್ತೆ.

ಕ್ಯಾತ್ಸಂದ್ರ 230ಇ

ಧನ್ಯವಾದ ಮೇಡಂ. ಬೂಟ್ ಚೆನ್ನಾಗಿದೆ. ಇಂಜೆಕ್ಟರ್ ರಿಂಗ್ ನಾಲ್ಕೂ ಕಲ್ಲಾಗಿವೆ, ಒಂದರ ಸುತ್ತ ಗುಳ್ಳೆ ಬಂತು. ಬದಲಾಯಿಸುತ್ತೇನೆ. ಗೇಜ್ ಯಾವುದು, ಹೇಗೆ ಜೋಡಿಸೋದು?

ನಂದಿ ತಪ್ಪಲು

ಗೇಜ್ 0ರಿಂದ 10 ಬಾರ್ ಸಾಕು, 7 ಬಾರಿನದು ಸಿಕ್ಕರೆ ಇನ್ನೂ ಸ್ಪಷ್ಟವಾಗಿ ಓದಬಹುದು. ಸಣ್ಣ ಗೆರೆ 0.1 ಬಾರಿನದಾಗಿರಲಿ. ಟಯರಿಗೆ ಗಾಳಿ ನೋಡೋ ಗೇಜ್ ಬೇಡ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೇಳಿದರೆ ಫಿಟ್ಟಿಂಗ್ ಸಮೇತ ಸಿಗಬಹುದು. ಇಲ್ಲವಾದರೆ ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿಗೆ ನಿಮ್ಮ ಬಾಂಜೋ ಬೋಲ್ಟನ್ನೇ (ಪೈಪ್ ಜೋಡಿಸುವ ಟೊಳ್ಳು ಬೋಲ್ಟ್) ಒಯ್ದು ತ್ರೆಡ್ ಹೊಂದಿಸಿಕೊಳ್ಳಿ. ಹೋಸ್ ಪೆಟ್ರೋಲಿಗೆ ತಡೆಯುವಂಥದ್ದೇ ಇರಬೇಕು.

ಜೋಡಿಸೋ ಜಾಗ: ಡಿಸ್ಟ್ರಿಬ್ಯೂಟರಿನ ನೆತ್ತಿಯ ಮಧ್ಯದಿಂದ ವಾರ್ಮ್ ಅಪ್ ರೆಗ್ಯುಲೇಟರಿಗೆ ಹೋಗುವ ಪೈಪ್. ಅದನ್ನು ಬಿಚ್ಚಿ ನಡುವೆ ಗೇಜ್ ಹಾಕಬೇಕು. ಗೇಜಿಗೂ ರೆಗ್ಯುಲೇಟರಿಗೂ ಮಧ್ಯೆ ಒಂದು ವಾಲ್ವ್ ಇರಲೇಬೇಕು. ವಾಲ್ವ್ ರೆಗ್ಯುಲೇಟರ್ ಕಡೆಗಿರಬೇಕು, ಡಿಸ್ಟ್ರಿಬ್ಯೂಟರ್ ಕಡೆಗಲ್ಲ. ವಾಲ್ವ್ ಮುಚ್ಚಿದರೆ ಗೇಜಿನಲ್ಲಿ ಕಾಣೋದು ಸಿಸ್ಟಮ್ ಪ್ರೆಶರ್ (ಪೆಟ್ರೋಲ್ ಲೈನಿನ ಮುಖ್ಯ ಒತ್ತಡ), ತೆರೆದರೆ ಕಂಟ್ರೋಲ್ ಪ್ರೆಶರ್.

ಬಿಚ್ಚುವ ಮುಂಚೆ ಬ್ಯಾಟರಿ ನೆಗೆಟಿವ್ ತೆಗೆದಿಡಿ, ಬಾಂಜೋ ಬೋಲ್ಟಿಗೆ ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಿ. ಸಿಸ್ಟಮ್ ಹಿಡಿದಿಟ್ಟ ಒತ್ತಡ ಚಿಮ್ಮುತ್ತೆ, ಕಣ್ಣಿಗೆ ಕನ್ನಡಕ ಇರಲಿ. ಕೆಲಸ ಬಯಲಿನಲ್ಲಿ ಮಾಡಿ, ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟುಕುವಲ್ಲಿಡಿ, ಹಳೇ ಬಲ್ಬಿನ ಹ್ಯಾಂಡ್ ಲ್ಯಾಂಪ್ ಬೇಡ. ತಾಮ್ರದ ವಾಷರ್ ಪ್ರತಿ ಸಲ ಹೊಸದು. ಹಳೆಯದನ್ನೇ ಹಾಕಲೇಬೇಕಾಗಿ ಬಂದರೆ ಗಾಡಿಯಿಂದ ದೂರ ಒಯ್ದು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗುತ್ತೆ.

ಶಿರಾ ಗೇಟ್ (ತುಮಕೂರು)

ಪಂಪ್ ಓಡಿಸೋ ಬಗ್ಗೆ ನಾನು ಹೇಳ್ತೀನಿ. ಎಂಜಿನ್ ಸ್ಟಾರ್ಟ್ ಮಾಡದೆ ಪಂಪ್ ಓಡಬೇಕು ಅಂದ್ರೆ ಪಂಪ್ ರಿಲೇ ಕಿತ್ತು, ಸಾಕೆಟ್ಟಿನ 30 ಮತ್ತು 87ರ ನಡುವೆ ಫ್ಯೂಸ್ ಇರೋ ವೈರ್ ಸೇರಿಸಿ. ಮಧ್ಯೆ ಒಂದು ಸ್ವಿಚ್ ಹಾಕ್ಕೊಳ್ಳಿ. ಸಾಕೆಟ್ಟಲ್ಲೇ ವೈರ್ ಚುಚ್ಚಿ ತೆಗೆದು ಮಾಡಿದ್ರೆ ಕಿಡಿ ಹಾರುತ್ತೆ, ಸುತ್ತ ಪೆಟ್ರೋಲ್ ವಾಸನೆ ಇರೋವಾಗ ಅದು ಬೇಡ.

ಪ್ರೆಶರಿಗಿಂತ ಮುಂಚೆ ಪಂಪಿನ ಅಳತೆ ತಗೊಳ್ಳಿ. ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ಪೈಪ್ ಬಿಚ್ಚಿ ಅಳತೆ ಜಾರಿಗೆ ಬಿಟ್ಟು 30 ಸೆಕೆಂಡ್ ಪಂಪ್ ಓಡಿಸಿ. 750 ಮಿಲಿಗೆ ಕಡಿಮೆ ಬರಬಾರದು. ಕಡಿಮೆ ಬಂದ್ರೆ ಪಂಪ್ ಬದಲಾಯಿಸೋ ಮುಂಚೆ ಪಂಪಿನ ಟರ್ಮಿನಲ್ಲಲ್ಲೇ ವೋಲ್ಟ್ ನೋಡಿ, ಓಡುವಾಗ 11.5 ಆದ್ರೂ ಇರಬೇಕು. ಎಷ್ಟೋ ಸಲ ಪಂಪ್ ಸರಿಯಾಗೇ ಇರುತ್ತೆ, ಅರ್ತಿಂಗ್ ತುಕ್ಕು ಹಿಡಿದಿರುತ್ತೆ. ವೋಲ್ಟ್ ಸರಿ ಇದ್ರೆ ಟ್ಯಾಂಕ್ ಒಳಗಿನ ಜಾಲರಿ ನೋಡಿ.

ನಂದಿ ತಪ್ಪಲು

ಈಗ ಕ್ರಮ. ಗಾಡಿ ರಾತ್ರಿಯೆಲ್ಲ ನಿಂತಿರಲಿ. ಬೆಳಿಗ್ಗೆ ಉಷ್ಣಾಂಶ ಬರೆದುಕೊಳ್ಳಿ. ವಾರ್ಮ್ ಅಪ್ ರೆಗ್ಯುಲೇಟರಿನ ವೈರ್ ಪ್ಲಗ್ ಕಿತ್ತಿಡಿ, ಇಲ್ಲದಿದ್ದರೆ ಒಳಗಿನ ಹೀಟರ್ ಕಾಯಲು ಶುರುವಾಗಿ ಓದಿದ್ದು ಸುಳ್ಳಾಗುತ್ತೆ. ಪಂಪ್ ಓಡಿಸಿ, ವಾಲ್ವ್ ಮುಚ್ಚಿ ಸಿಸ್ಟಮ್ ಪ್ರೆಶರ್ ಬರೆಯಿರಿ, ಆಮೇಲೆ ತೆರೆದು ತಣ್ಣನೆಯ ಕಂಟ್ರೋಲ್ ಪ್ರೆಶರ್ ಬರೆಯಿರಿ. ಪ್ಲಗ್ ಮತ್ತೆ ಹಾಕಿ ಎಂಜಿನ್ ಬಿಸಿ ಮಾಡಿ, ಕೆಲವು ನಿಮಿಷಕ್ಕೆ ಪ್ರೆಶರ್ ಏರಿ ಒಂದು ಕಡೆ ನಿಲ್ಲುತ್ತೆ, ಅದು ಬಿಸಿ ಕಂಟ್ರೋಲ್ ಪ್ರೆಶರ್. ಕೊನೆಗೆ ಎಂಜಿನ್ ಆಫ್ ಮಾಡಿ, ಗೇಜ್ ಹಾಗೇ ಬಿಟ್ಟು, 10 ಮತ್ತು 20 ನಿಮಿಷಕ್ಕೆ ಎಷ್ಟು ಉಳಿದಿದೆ ನೋಡಿ.

ಸಾಮಾನ್ಯವಾಗಿ ಸಿಸ್ಟಮ್ ಪ್ರೆಶರ್ 4.7ರಿಂದ 5.5ರ ನಡುವೆ, ಬಿಸಿ ಕಂಟ್ರೋಲ್ 3.4ರಿಂದ 3.8. ತಣ್ಣನೆಯದು ಉಷ್ಣಾಂಶಕ್ಕೂ ರೆಗ್ಯುಲೇಟರ್ ನಂಬರಿಗೂ ತಕ್ಕಂತೆ ಬದಲಾಗುತ್ತೆ. ರೆಗ್ಯುಲೇಟರ್ ಮೈಮೇಲೆ 0 438 140 ಅಂತ ಶುರುವಾಗೋ ನಂಬರ್ ಇರುತ್ತೆ, ಕೊನೆಯ ಮೂರು ಅಂಕಿ ಹಿಡಿದು ಅದರ ಚಾರ್ಟನ್ನೇ ನೋಡಬೇಕು. 20 ಡಿಗ್ರಿಗೆ ಬಹುಪಾಲು 1.3ರಿಂದ 1.8ರೊಳಗೆ ಬರುತ್ತೆ.

ಕ್ಯಾತ್ಸಂದ್ರ 230ಇ

ರಿಂಗ್ ಬದಲಾಯಿಸಿ ಅಳತೆ ತೆಗೆದೆ.
ಪಂಪ್: 30 ಸೆಕೆಂಡಿಗೆ 820 ಮಿಲಿ
ಸಿಸ್ಟಮ್: 5.2
ತಣ್ಣನೆಯ ಕಂಟ್ರೋಲ್: 22 ಡಿಗ್ರಿಗೆ 2.4
ಬಿಸಿ ಕಂಟ್ರೋಲ್: 3.6
ಆಫ್ ಮಾಡಿದ 10 ನಿಮಿಷಕ್ಕೆ: 0.6
20 ನಿಮಿಷಕ್ಕೆ: ಸೊನ್ನೆ
ಐಡ್ಲಿಂಗ್ ಏರಿಳಿತ ರಿಂಗ್ ಹಾಕಿದ ಮೇಲೆ ಮುಕ್ಕಾಲು ಭಾಗ ಹೋಗಿದೆ.

ನಂದಿ ತಪ್ಪಲು

ಎಲ್ಲ ಬಿಡಿಸಿ ಹೇಳಿದಂತಾಯ್ತು ಸರ್. ಪಂಪ್, ಸಿಸ್ಟಮ್, ಬಿಸಿ ಕಂಟ್ರೋಲ್ ಮೂರೂ ಸರಿ. ಹಾಗಾಗಿಯೇ ಬಿಸಿ ಎಂಜಿನ್ ಚೆನ್ನಾಗಿ ಓಡುತ್ತೆ. ತಣ್ಣನೆಯ ಕಂಟ್ರೋಲ್ 2.4 ತುಂಬಾ ಜಾಸ್ತಿ, ಅಂದರೆ ಬೆಳಿಗ್ಗೆ ರಿಚ್ ಬೇಕಾದ ಹೊತ್ತಿನಲ್ಲಿ ಲೀನ್. ನಡುಗೋದು, ಆಕ್ಸಿಲರೇಟರ್ ಕೊಟ್ಟರೆ ಆಫ್ ಆಗೋದು ಇದರಿಂದಲೇ. ಆಫ್ ಮಾಡಿದ ಮೇಲೆ ಒತ್ತಡ ಸೊನ್ನೆಗೆ ಇಳಿಯೋದು ಬೇರೆಯೇ ದೋಷ. ಇಪ್ಪತ್ತು ನಿಮಿಷದ ತೊಂದರೆ ಅದರದ್ದು.

ಮೊದಲು ರೆಗ್ಯುಲೇಟರ್. ಪೆಟ್ರೋಲ್ ಒಳಬರುವ ಬಾಯಲ್ಲಿ ಅತಿ ಸಣ್ಣ ಜಾಲರಿ ಇರುತ್ತೆ. ಅದು ಕಟ್ಟಿಕೊಂಡರೂ ಗೇಜಿನಲ್ಲಿ ಜಾಸ್ತಿ ತೋರಿಸುತ್ತೆ. ಬಿಚ್ಚಿ ತೊಳೆದು ಮತ್ತೆ ಅಳೆಯಿರಿ. ಆಮೇಲೂ ಜಾಸ್ತಿ ಇದ್ದರೆ ಒಳಗಿನ ಬೈಮೆಟಲ್ ಪಟ್ಟಿ (ಬಿಸಿಗೆ ಬಾಗುವ ಜೋಡಿ ಲೋಹ) ಕೂತಿರುವ ಗೂಟವನ್ನು ಹೊರಗಿಂದ ಒಳಕ್ಕೆ ತಟ್ಟಬೇಕು. ಒಳಕ್ಕೆ ಹೋದಷ್ಟೂ ತಣ್ಣನೆಯ ಪ್ರೆಶರ್ ಇಳಿಯುತ್ತೆ. ಸಣ್ಣ ಸುತ್ತಿಗೆ, ಹಿತ್ತಾಳೆ ಪಂಚ್, ಒಂದೊಂದು ಮೆಲ್ಲನೆ ಪೆಟ್ಟು, ಪ್ರತಿ ಪೆಟ್ಟಿಗೂ ಗೇಜ್ ನೋಡಿ. ಹೆಚ್ಚಾಗಿ ಒಳಹೋದರೆ ರೆಗ್ಯುಲೇಟರ್ ಪೂರ್ತಿ ಬಿಚ್ಚಿ ಒಳಗಿಂದ ಹೊರಕ್ಕೆ ಹೊಡೆಯಬೇಕಾಗುತ್ತೆ. ತಟ್ಟುವ ಕೆಲಸ ರೆಗ್ಯುಲೇಟರ್ ಪೂರ್ತಿ ತಣ್ಣಗಿದ್ದಾಗ ಮಾತ್ರ. ಮುಗಿದ ಮೇಲೆ ಬಿಸಿ ಪ್ರೆಶರನ್ನೂ ಮತ್ತೊಮ್ಮೆ ನೋಡಿಕೊಳ್ಳಿ.

ಅಂತರಗಂಗೆ ಪಂಪ್ ಬೆಂಚ್

ಒತ್ತಡ ಇಳಿಯೋದರ ಬಗ್ಗೆ ನಾನು ಬರೀತೀನಿ. ಎಂಜಿನ್ ಆಫ್ ಆದ ಮೇಲೆ ಬಾನೆಟ್ ಒಳಗಿನ ಶಾಖ ಇನ್ನೂ ಏರುತ್ತೆ. ಪೈಪಿನಲ್ಲಿ ಒತ್ತಡ ಉಳಿದಿದ್ದರೆ ಪೆಟ್ರೋಲ್ ಕುದಿಯಲ್ಲ. ಇಳಿದರೆ ಇಂಜೆಕ್ಟರ್ ಪೈಪೆಲ್ಲ ಆವಿ ತುಂಬಿಕೊಳ್ಳುತ್ತೆ. ಏಪ್ರಿಲ್ ಬಿಸಿಲಲ್ಲಿ ಇದು ಇನ್ನೂ ಜೋರು. 20 ನಿಮಿಷ ಆದ ಮೇಲೂ ಒಂದೂವರೆ ಬಾರ್ ಆದರೂ ಉಳಿದಿರಬೇಕು.

ಎಲ್ಲಿ ಸೋರುತ್ತಿದೆ ಅಂತ ಒಂದೊಂದಾಗಿ ಕಳೆಯುತ್ತಾ ಹೋಗಬೇಕು. ಪಂಪ್ ನಿಲ್ಲಿಸಿದ ಕೂಡಲೇ ಗೇಜ್ ವಾಲ್ವ್ ಮುಚ್ಚಿ ನೋಡಿ. ಈಗ ಒತ್ತಡ ನಿಂತರೆ ದೋಷ ರೆಗ್ಯುಲೇಟರ್ ಕಡೆಯದು. ನಿಲ್ಲದಿದ್ದರೆ ರಿಟರ್ನ್ ಹೋಸನ್ನು ಹೋಸ್ ಕ್ಲಾಂಪಿನಿಂದ ಅದುಮಿ. ನಿಂತರೆ ಡಿಸ್ಟ್ರಿಬ್ಯೂಟರಿನಲ್ಲಿರುವ ಸಿಸ್ಟಮ್ ಪ್ರೆಶರ್ ರೆಗ್ಯುಲೇಟರಿನ ಓರಿಂಗ್ ಹೋಗಿದೆ. ಅದನ್ನು ಬಿಚ್ಚಿದರೆ ಒಳಗಿನ ಶಿಮ್ (ತೆಳು ಬಿಲ್ಲೆ) ಕಳೆಯಬೇಡಿ, 0.1 ಮಿ.ಮೀ ಶಿಮ್ಮಿಗೆ 0.06 ಬಾರ್ ವ್ಯತ್ಯಾಸ ಬರುತ್ತೆ. ಅಲ್ಲೂ ಅಲ್ಲ ಅಂದರೆ ಟ್ಯಾಂಕಿಗೂ ಪಂಪಿಗೂ ನಡುವಿನ ಹೋಸ್ ಅದುಮಿ. ನಿಂತರೆ ಪಂಪ್ ಬಾಯಿಯ ಚೆಕ್ ವಾಲ್ವ್. ಅದು ಬಿಡಿಯಾಗಿ ಸಿಗುತ್ತೆ, ಇಡೀ ಪಂಪ್ ಕೊಳ್ಳಬೇಕಾಗಿಲ್ಲ.

ಇನ್ನು ಅಕ್ಯುಮುಲೇಟರ್. ಪಂಪಿನ ಪಕ್ಕ ಇರೋ, ಒತ್ತಡ ಹಿಡಿದಿಡುವ ಲೋಟದಂಥ ಡಬ್ಬಿ. ಅದರ ಹಿಂಬದಿಯಿಂದ ಹೊರಡುವ ಸಣ್ಣ ಹೋಸ್ ಕಿತ್ತು ಪಂಪ್ ಓಡಿಸಿ. ಅಲ್ಲಿಂದ ಪೆಟ್ರೋಲ್ ಬಂದರೆ ಒಳಗಿನ ಡಯಾಫ್ರಮ್ ಹರಿದಿದೆ, ರಿಪೇರಿ ಇಲ್ಲ, ಹೊಸದೇ ಹಾಕಬೇಕು. ಕೋಲ್ಡ್ ಸ್ಟಾರ್ಟ್ ವಾಲ್ವನ್ನೂ (ತಣ್ಣಗಿದ್ದಾಗ ಸ್ಟಾರ್ಟಿಗೆ ಹೆಚ್ಚು ಪೆಟ್ರೋಲ್ ಚಿಮ್ಮಿಸೋದು) ಬಿಚ್ಚಿ, ವೈರ್ ಹಾಕದೆ, ಪಂಪ್ ಓಡಿಸಿ ಒಂದು ನಿಮಿಷ ನೋಡಿ. ಮೂತಿ ಒಣಗಿರಬೇಕು.

ಕ್ಯಾತ್ಸಂದ್ರ 230ಇ

ಅಕ್ಯುಮುಲೇಟರಿನ ಹಿಂದಿನ ಹೋಸಿನಿಂದ ಧಾರೆಯಾಗಿ ಬಂತು ಮೇಡಂ. ಹೊಸದು ತರಿಸಿ ಹಾಕಿದೆ, ಈಗ 20 ನಿಮಿಷಕ್ಕೆ 2.1 ನಿಲ್ಲುತ್ತೆ. ರೆಗ್ಯುಲೇಟರ್ ಜಾಲರಿ ತೊಳೆದ ಮೇಲೆ ತಣ್ಣನೆಯದು 2.0 ಆಯ್ತು, ತಟ್ಟಿ 1.6ಕ್ಕೆ ತಂದೆ, ಚಾರ್ಟಿಗೆ ಸರಿ ಹೊಂದುತ್ತೆ. ಬಿಸಿ 3.6 ಹಾಗೇ ಇದೆ. ಇಂಜೆಕ್ಟರ್ ಬಗ್ಗೆ?

ಅಂತರಗಂಗೆ ಪಂಪ್ ಬೆಂಚ್

ಡೀಸೆಲ್ ಪಂಪ್ ಅಂಗಡಿಯ ನಾಜಲ್ ಟೆಸ್ಟರಿನಲ್ಲೇ ನೋಡಬಹುದು. ಆದರೆ ಅದರ 400 ಬಾರ್ ಗೇಜ್ ತೆಗೆಸಿ ನಿಮ್ಮ ಸಣ್ಣ ಗೇಜ್ ಹಾಕಿಸಬೇಕು. ಪೆಟ್ರೋಲ್ ಹಾಕಿ ಮಾಡಿಸಬೇಡಿ, ಕ್ಯಾಲಿಬ್ರೇಷನ್ ಆಯಿಲ್ ಸಾಕು. ಮೂರೂವರೆ ಬಾರ್ ಆಸುಪಾಸಿನಲ್ಲಿ ತೆರೆಯಬೇಕು, ನಾಲ್ಕೂ ಹೆಚ್ಚು ಕಡಿಮೆ ಒಂದೇ ಒತ್ತಡಕ್ಕೆ. ತೆರೆಯುವುದಕ್ಕಿಂತ ಸ್ವಲ್ಪ ಕೆಳಗೆ ಹಿಡಿದು ನಿಲ್ಲಿಸಿದರೆ ತುದಿಯಲ್ಲಿ ಹನಿ ಕಟ್ಟಬಾರದು. ಪಂಪ್ ಒತ್ತುವಾಗ ಚರ್ರ್ ಅಂತ ಸದ್ದು ಬಂದು ಮಂಜಿನಂತೆ ಚೆದುರಬೇಕು. ಒಂದೇ ಕಡ್ಡಿಯಂತೆ ಚಿಮ್ಮಿದರೆ ಆ ಇಂಜೆಕ್ಟರ್ ಮುಗಿಯಿತು, ಇವು ಬಿಚ್ಚಿ ರಿಪೇರಿ ಮಾಡುವಂಥವಲ್ಲ.

ಯಾವುದೋ ಒಂದು ಸಿಲಿಂಡರಿಗೆ ಪೆಟ್ರೋಲ್ ಕಡಿಮೆ ಬರುತ್ತಿದೆ ಅನಿಸಿದರೆ ಆ ಇಂಜೆಕ್ಟರನ್ನು ಪಕ್ಕದ ಪೈಪಿಗೆ ಬದಲಾಯಿಸಿ ನೋಡಿ. ದೋಷ ಇಂಜೆಕ್ಟರ್ ಜೊತೆ ಹೋದರೆ ಇಂಜೆಕ್ಟರಿನದು. ಹಳೇ ಪೈಪಿನಲ್ಲೇ ಉಳಿದರೆ ಡಿಸ್ಟ್ರಿಬ್ಯೂಟರಿನದು.

ಡಿಸ್ಟ್ರಿಬ್ಯೂಟರ್ ಎತ್ತುವಾಗ ಮಾತ್ರ ಒಂದು ಕೈ ಕೆಳಗಿರಲಿ. ಪ್ಲಂಜರ್ ಜಾರಿ ನೆಲಕ್ಕೆ ಬಿದ್ದರೆ ಇಡೀ ಡಿಸ್ಟ್ರಿಬ್ಯೂಟರ್ ಹೋದಂತೆ. ಪ್ಲಂಜರ್ ಅಂಟಿದ್ದರೆ ಸಾಲ್ವೆಂಟಿನಲ್ಲಿ ನೆನೆಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಎಮರಿ ಪೇಪರ್ ತಾಗಿಸಲೇಬೇಡಿ.

ಬಿ.ಎಚ್. ರೋಡ್

ಈಗ ಸ್ಕ್ರೂಗೆ ಬರೋಣ. ನಮ್ಮೂರು ಸಮುದ್ರಮಟ್ಟದಿಂದ 800 ಮೀಟರ್ ಮೇಲಿದೆ, ಗಾಳಿ ತೆಳು, ಗಾಡಿ ರಿಚ್ ಆಗುತ್ತೆ. ಅರ್ಧ ಸುತ್ತು ಲೀನ್ ಕಡೆ ಹಾಕಿದರೆ ಸರಿಹೋಗಲ್ವಾ?

ನಂದಿ ತಪ್ಪಲು

ಅಣ್ಣ, ಅರ್ಧ ಸುತ್ತು ಅಂದರೆ ಎಂಜಿನ್ ಆಫ್. ಇಲ್ಲಿ ಎಂಟನೇ ಒಂದು ಸುತ್ತೂ ದೊಡ್ಡದೇ.

ಎತ್ತರದ ಲೆಕ್ಕ ಹೀಗೆ. ತುಮಕೂರಿನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ. 9ರಷ್ಟು ಕಡಿಮೆ. ತಟ್ಟೆಯ ಅಳತೆಯಲ್ಲಿ ಸಾಂದ್ರತೆಯ ವರ್ಗಮೂಲ ಬರುವುದರಿಂದ ಮಿಕ್ಸ್ಚರ್ ರಿಚ್ ಆಗೋದು ಅದರ ಅರ್ಧ, ಶೇ. 5ರ ಒಳಗೆ. ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿಗೆ ಗಾಳಿ ಕಡಿಮೆ ಸಾಕು, ಹಾಗಾಗಿ ಅಷ್ಟೇ ಪೆಟ್ರೋಲ್ ಹೋದರೂ ಗಾಡಿ ಶೇ. 7ರಷ್ಟು ಲೀನ್. ಒಂದು ಇನ್ನೊಂದನ್ನು ಹೆಚ್ಚು ಕಡಿಮೆ ಹೊಡೆದುಹಾಕುತ್ತೆ, ಚೂರು ಲೀನ್ ಕಡೆಗೇ ಉಳಿಯುತ್ತೆ. ಎತ್ತರದ ನೆಪ ಹೇಳಿ ಇನ್ನೂ ಲೀನ್ ಮಾಡಿದರೆ ಏರಿನಲ್ಲಿ ಜರ್ಕ್ ಹೊಡೆಯುತ್ತೆ.

ಗುರುತೇ ಇಲ್ಲದ ಸ್ಕ್ರೂಗೆ ಆರಂಭದ ಜಾಗ ಹುಡುಕೋದು ಹೀಗೆ. ಎಂಜಿನ್ ಬೆಚ್ಚಗಿರಲಿ, ಆಫ್ ಆಗಿರಲಿ, ಕಂಟ್ರೋಲ್ ಪ್ರೆಶರ್ ಬಿಸಿಯ ಅಂಕಿಗೆ ಬಂದಿರಲಿ. ಪಂಪ್ ಓಡಿಸಿ ಸ್ಕ್ರೂ ಬಲಕ್ಕೆ, ಅಂದರೆ ರಿಚ್ ಕಡೆಗೆ, ನಿಧಾನ ತಿರುಗಿಸಿ. ಇಂಜೆಕ್ಟರ್ ಗುಂಯ್ ಅಂದ ಕೂಡಲೇ ಪಂಪ್ ನಿಲ್ಲಿಸಿ, ಎಡಕ್ಕೆ ಅರ್ಧ ಸುತ್ತು ವಾಪಸ್ ಬನ್ನಿ. ಅರ್ಧ ಸುತ್ತಿನ ಕೆಲಸ ಇಲ್ಲಿ ಮಾತ್ರ. ಇಂಜೆಕ್ಟರ್ ಹಾಡುತ್ತಾ ಇರೋಕೆ ಬಿಟ್ಟರೆ ಪೆಟ್ರೋಲ್ ಸಿಲಿಂಡರಿಗೆ ತುಂಬಿ, ಸೆಲ್ಫ್ ಹೊಡೆದಾಗ ಕನೆಕ್ಟಿಂಗ್ ರಾಡ್ ಬಾಗುವ ಅಪಾಯ ಇದೆ.

ಇದಕ್ಕೂ ಮೊದಲು ತಟ್ಟೆ ನೋಡಿ. ಸುತ್ತಲೂ 0.1 ಮಿ.ಮೀ ಫೀಲರ್ ಗೇಜ್ ಸಲೀಸಾಗಿ ಹೋಗಬೇಕು, ಎಲ್ಲೂ ಗೋಡೆಗೆ ತಾಗಬಾರದು. ಬೆರಳಲ್ಲಿ ಸರಿಸಿದರೆ ಒಂದೇ ಸಮನೆ ಬಿಗಿ ಇರಬೇಕು. ಮಧ್ಯೆ ತಡೆದರೆ ಪ್ಲಂಜರ್ ಕೊಳೆ.

ಶಿರಾ ಗೇಟ್

ಸಿಒ (ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್) ನೋಡೋಕೆ ಮಿಷನ್ ಕೊಳ್ಳಬೇಕಾಗಿಲ್ಲ. ಎಮಿಷನ್ ಟೆಸ್ಟ್ ಸೆಂಟರಿನಲ್ಲಿ ಗಿರಾಕಿ ಕಡಿಮೆ ಇರೋ ಹೊತ್ತು ನೋಡ್ಕೊಂಡು ಹೋಗಿ, ಟೆಸ್ಟಿನ ದುಡ್ಡು ಕೊಟ್ಟು ಪ್ರೋಬ್ ಹತ್ತು ನಿಮಿಷ ಹಾಕಿಸ್ಕೊಳ್ಳಿ. ಪೆಟ್ರೋಲ್ ಗಾಡಿಗೆ ನಾಲ್ಕೂ ಗ್ಯಾಸ್ ತೋರಿಸೋ ಮಿಷನ್ ಆದ್ರೆ ಒಳ್ಳೇದು. ಪ್ರೋಬ್ ಸೈಲೆನ್ಸರ್ ಒಳಗೆ 30 ಸೆಂ.ಮೀ ಹೋಗಲಿ. ಆಕ್ಸಿಜನ್ ಶೇ. 1.5 ದಾಟಿದ್ರೆ ಸೈಲೆನ್ಸರ್ ಲೀಕ್ ಅಥವಾ ಮಿಸ್ಸಿಂಗ್ ಇದೆ, ಅದು ಸರಿಯಾಗೋವರೆಗೂ ಸಿಒ ಅಂಕಿ ನಂಬಬೇಡಿ. ಈ ವಯಸ್ಸಿನ ಗಾಡಿಗೆ ಕಾನೂನಿನ ಮಿತಿ ಶೇ. 3. ಅಷ್ಟರಲ್ಲಿದ್ರೆ ಪಾಸ್, ಆದರೆ ಟ್ಯೂನಿಂಗಿಗೆ ಅದು ಗುರಿ ಅಲ್ಲ. ಬಾನೆಟ್ ಕೆಳಗಿನ ಸ್ಟಿಕ್ಕರ್ ನೋಡಿ, ಅಳಿಸಿಹೋಗಿದ್ರೆ ಶೇ. 1ರಿಂದ 1.5 ಇಟ್ಕೊಳ್ಳಿ.

ಲ್ಯಾಂಬ್ಡಾ ಮೀಟರ್ (ಹೊಗೆಯ ಆಕ್ಸಿಜನ್ ನೋಡಿ ಮಿಕ್ಸ್ಚರ್ ಹೇಳೋದು) ಹಾಕೋದಾದ್ರೆ ಲ್ಯಾಂಬ್ಡಾ ಅಂಕಿನೇ ಓದಿ, ಒಂದು ಪಾಲು ಪೆಟ್ರೋಲಿಗೆ ಗಾಳಿ 14.7 ಅಂತ ತೋರಿಸೋ ಲೆಕ್ಕ ಬರೀ ಪೆಟ್ರೋಲಿನದು. ಇ20ಗೆ ಅದು ಸುಮಾರು 13.5.

ನಂದಿ ತಪ್ಪಲು

ಸೆಂಟರಿಗೆ ಹೋಗೋ ಮುಂಚೆ ಹತ್ತು-ಹನ್ನೆರಡು ಕಿಲೋಮೀಟರ್ ಓಡಿಸಿ, ಆಯಿಲ್ ಪೂರ್ತಿ ಬಿಸಿಯಾಗಿರಲಿ. ಎಸಿ, ಲೈಟ್ ಆಫ್. ಮೊದಲು ಐಡ್ಲಿಂಗ್ ಸ್ಕ್ರೂನಲ್ಲಿ 800ರ ಸುತ್ತ ತನ್ನಿ. ಆಮೇಲೆ ಅಲೆನ್ ಕೀ ಇಳಿಸಿ, ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷಕ್ಕೆ ಕದಲಿದಷ್ಟು ಮಾತ್ರ ತಿರುಗಿಸಿ, ಕೀ ಪೂರ್ತಿ ಹೊರಗೆ ತೆಗೆಯಿರಿ. ಕೀ ಒಳಗಿದ್ದಾಗ ಅದರ ಭಾರವೇ ಲಿವರನ್ನು ಅದುಮುತ್ತೆ, ಓದಿದ್ದು ಸುಳ್ಳು. ಕೀ ಒಳಗಿರುವಾಗ ಆಕ್ಸಿಲರೇಟರ್ ಒತ್ತಲೇಬಾರದು, ಲಿವರ್ ಬಾಗುತ್ತೆ. ಕೀ ತೆಗೆದ ಮೇಲೆ ತೂತಿಗೆ ಬೆರಳು ಅಥವಾ ರಬ್ಬರ್ ಬಿರಡೆ ಇಡಿ, ಒಂದು ಸಲ ಆಕ್ಸಿಲರೇಟರ್ ಕೊಟ್ಟು ಬಿಡಿ, ಮುಳ್ಳು ನಿಲ್ಲೋವರೆಗೂ ಕಾದು ಓದಿ. ಯಾವಾಗಲೂ ಲೀನ್ ಕಡೆಯಿಂದ ರಿಚ್ ಕಡೆಗೆ ಬನ್ನಿ. ದಾಟಿದರೆ ವಾಪಸ್ ಲೀನಿಗೆ ಹೋಗಿ ಮತ್ತೆ ಬನ್ನಿ. ಸಿಒ ಬದಲಾದರೆ ಐಡ್ಲಿಂಗ್ ಬದಲಾಗುತ್ತೆ, ಎರಡನ್ನೂ ಒಂದಾದ ಮೇಲೊಂದು ಸರಿಮಾಡಿಕೊಳ್ಳಬೇಕು.

ಕ್ಯಾತ್ಸಂದ್ರ 230ಇ

ಸಿಒ 1.3, ಆಕ್ಸಿಜನ್ 0.8, ಐಡ್ಲಿಂಗ್ 800ರಲ್ಲಿ ಅಲುಗಾಡದೆ ನಿಂತಿದೆ. ಬೆಳಿಗ್ಗೆ ಎರಡು ಸೆಕೆಂಡಿಗೆ ಹಿಡಿಯುತ್ತೆ, ಬಿಸಿಯಲ್ಲೂ ಅಷ್ಟೇ. ದೇವರಾಯನದುರ್ಗದ ಏರಿನಲ್ಲಿ ಮೂರನೇ ಗೇರಿನಲ್ಲಿ ಎಳೆಯುತ್ತೆ, ಜರ್ಕ್ ಇಲ್ಲ. ಎಲ್ಲರಿಗೂ ವಂದನೆ. ಇ20 ಇರುವಾಗ ಇನ್ನೇನು ನೋಡ್ಕೋಬೇಕು?

ಅಂತರಗಂಗೆ ಪಂಪ್ ಬೆಂಚ್

ಹೋಸ್. ಟ್ಯಾಂಕಿನಿಂದ ಪಂಪಿಗೆ, ರಿಟರ್ನಿಗೆ, ಅಕ್ಯುಮುಲೇಟರ್ ಹಿಂದಕ್ಕೆ ಇರೋ ರಬ್ಬರ್ ಎಲ್ಲ ಒಮ್ಮೆ ಬದಲಾಯಿಸಿಬಿಡಿ. ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಬರೆದಿರೋದನ್ನೇ ಕೇಳಿ. ಹಲ್ಲು ಕೊರೆದ ಕ್ಲಿಪ್ ರಬ್ಬರನ್ನು ಕತ್ತರಿಸುತ್ತೆ, ಅಂಚು ಮಡಚಿದ ಇಂಜೆಕ್ಷನ್ ಕ್ಲಿಪ್ ಹಾಕಿ. ಪಂಪ್ ಆದ ಮೇಲಿನ 5 ಬಾರ್ ಒತ್ತಡದ ಪೈಪಿನಲ್ಲಿ ಮಾತ್ರ ರಬ್ಬರ್ ಮತ್ತು ಕ್ಲಿಪ್ಪಿನ ತೇಪೆ ಹಾಕಬೇಡಿ, ಕಂಪನಿ ಫಿಟ್ಟಿಂಗ್ ಇರುವ ಪೈಪೇ ಇರಲಿ.

ಎಥನಾಲ್ ನೀರು ಎಳೆದುಕೊಳ್ಳುತ್ತೆ. ಗಾಡಿ ತಿಂಗಳುಗಟ್ಟಲೆ ನಿಲ್ಲೋದಾದರೆ ಟ್ಯಾಂಕ್ ತುಂಬಿ ನಿಲ್ಲಿಸಿ, ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ. ಪ್ಲಂಜರ್ ಅಂಟೋದು ನಿಂತ ಗಾಡಿಯಲ್ಲೇ. ಈಗ ಹಾಕಿರೋ ಪೆಟ್ರೋಲ್ ಫಿಲ್ಟರನ್ನು 5,000 ಕಿಲೋಮೀಟರಿಗೆ ಬಿಚ್ಚಿ, ಒಳಬರುವ ಕಡೆಯಿಂದ ಬಿಳಿ ತಟ್ಟೆಗೆ ಸುರಿದು ನೋಡಿ. ಕಂದು ತುಕ್ಕಿನ ಪುಡಿ ಬಂದರೆ ಟ್ಯಾಂಕ್ ಇಳಿಸಿ ತೊಳೆಸಬೇಕು.